ಕೆನೆ ಬಿಳಿಯೋ, ಅಕ್ಕಚ್ಚಿನ ಬಿಳಿಯೋ

ದೊಡ್ಡ ವಿಷಯಕ್ಕೆ ನಮ್ಮ ಮನೇಲಿ ಯಾವತ್ತೂ ಜಗಳ ಆಗಿದ್ದಿಲ್ಲ. ಗದ್ದೆಗೆ ಈ ವರ್ಷ ಭತ್ತವಾ ಶುಂಠಿಯಾ ಅನ್ನೋದು ಒಂದು ಲೋಟ ಕಾಫಿ ಮುಗಿಯೋದರೊಳಗೆ ತೀರ್ಮಾನ ಆಗುತ್ತೆ. ಮಕ್ಕಳ ಮದುವೆಯೂ ಅಷ್ಟೆ, ಹೆಣ್ಣು ನೋಡಿ ಬಂದ ಸಂಜೆಯೇ ಒಪ್ಪಿಗೆ. ಆದರೆ ಸಾಸಿವೆ ಕಾಳಿನಷ್ಟು ವಿಷಯ ಒಂದು ಸಿಕ್ಕಿತು ಅನ್ನಿ, ಆಮೇಲೆ ನಮ್ಮನ್ನ ಹಿಡಿಯೋರಿಲ್ಲ. ಒಗ್ಗರಣೆಗೆ ಇಂಗು ಮೊದಲಾ ಕರಿಬೇವು ಮೊದಲಾ ಅಂತ ಶುರುವಾಗಿದ್ದು ಒಂದು ಸಲ ಯುಗಾದಿಯಿಂದ ಗೌರಿಹಬ್ಬದ ತನಕ ನಡೆದಿತ್ತು. ಇಂಥವು ಆಗ್ತಾನೇ ಇರುತ್ತವೆ, ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡ್ತಾನೇ ಇರ್ತೀನಿ.

ಈಗ ಹೇಳ್ತಿರೋದು ಗೋಡೆ ಬಣ್ಣದ ಪುರಾಣ. ಮೊದಲು ನಾವ್ಯಾರು ಅಂತ ಹೇಳಿಬಿಡ್ತೀನಿ. ನಮ್ಮ ಮಾವನವರ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹೊರಗೆ ಗದ್ದೆ ಮಾಡಿಕೊಂಡವರು ನಾವು. ನಾನು ಅಂಗನವಾಡಿ ಟೀಚರ್ ಆಗಿದ್ದು ರಿಟೈರ್ ಆದವಳು. ಯಜಮಾನರು ಈಗಿಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಎಲ್ಲರಿಗೂ ಒಂದೇ ಮನೆ, ಒಂದೇ ಒಲೆ. ದೊಡ್ಡ ಮಗನದು ಶುಂಠಿ ವ್ಯವಹಾರ, ಚಿಕ್ಕವನದು ಪಿಕಪ್ ಗಾಡಿ. ದೊಡ್ಡ ಸೊಸೆ ಮನೇಲೇ ಬ್ಲೌಸ್ ಹೊಲಿಯುತ್ತಾಳೆ. ಚಿಕ್ಕ ಸೊಸೆ ಸುಂಟಿಕೊಪ್ಪದಲ್ಲಿ ಒಂದು ಸ್ಕೂಲಿಗೆ ದಿನಾ ಬಸ್ಸಲ್ಲಿ ಹೋಗಿ ಬರ್ತಾಳೆ.

ಆ ಸ್ಕೂಲ್ ಪಕ್ಕದಲ್ಲೇ ಒಂದು ಬಾಡಿಗೆ ಮನೆ ಖಾಲಿ ಆಗಿತ್ತು. ಹೋಗ್ತೀವಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಚಿಕ್ಕ ಮಗ ಊಟದ ಮಧ್ಯೆ, 'ಆ ಮನೆ ಇನ್ನೂ ಖಾಲೀನೇ ಇದೆಯಂತೆ' ಅಂತ ಯಾರಿಗೂ ಅಲ್ಲದ ಹಾಗೆ ಹೇಳ್ತಿದ್ದ. ಅಷ್ಟು ಸಾಕಾಗಿತ್ತು, ನಾನು ತಟ್ಟೆ ಸರಿಸಿ ಎದ್ದುಬಿಡ್ತಿದ್ದೆ. ಮನೆ ಎರಡು ಒಲೆ ಆಗೋದನ್ನ ನಾನು ನೋಡಬಾರದು, ಅದೊಂದೇ ನನ್ನ ಆಸೆ. ಇಂಥ ಹೊತ್ತಲ್ಲೇ ಬಣ್ಣ ಹೊಡೆಸೋ ಕೆಲಸ ಬಂತು ನೋಡಿ.

ಬಿಳಿ ಮಾತ್ರ ಇಲ್ಲ

ಮಳೆಗಾಲ ಮುಗಿದ ಮೇಲೆ ನಮ್ಮ ನಡುಮನೆ ಗೋಡೆ ತುಂಬ ಬೂಷ್ಟು. ಗಂಡಸರಿಗೆ ಪುರುಸೊತ್ತಿಲ್ಲ, ನಾವು ಮೂವರು ಹೆಂಗಸರೇ ಪೇಂಟ್ ಅಂಗಡಿಗೆ ಹೋದೆವು. ಅಂಗಡಿಯವನು ಮನೇಲಿ ಮಲಯಾಳ ಮಾತಾಡೋನು, ನಮ್ಮ ಸೊಸೆಯರನ್ನ 'ಚೇಚಿ' ಅಂತಾನೆ, ಅಕ್ಕ ಅಂತ ಅರ್ಥ.

'ಬಿಳಿ ಹೊಡೆಸೋಣ, ಗಲಾಟೆನೇ ಬೇಡ' ಅಂತ ಮನೇಲೇ ಮಾತಾಗಿತ್ತು. ಹಾಗಂದ ತಕ್ಷಣ ಅವನು ಬೀಸಣಿಗೆ ಥರದ್ದೊಂದು ಕಾರ್ಡ್ ಬಿಡಿಸಿದ. ಎಷ್ಟು ಬಿಡಿಸಿದರೂ ಬಿಳಿ! ಅಯ್ಯೋ ದೇವರೇ, ಪ್ರಪಂಚದಲ್ಲಿ ಇಷ್ಟು ಬಿಳಿ ಇದೆಯಾ? ಆಯುಷ್ಯವಿಡೀ ಮಕ್ಕಳಿಗೆ ಬಣ್ಣ ಹೇಳಿಕೊಟ್ಟವಳು ನಾನು. ಕೆಂಪು ಅಂದ್ರೆ ಟೊಮೇಟೊ, ಹಸಿರು ಅಂದ್ರೆ ಎಲೆ, ಬಿಳಿ ಅಂದ್ರೆ ಅನ್ನ. ಬಿಳಿಗೆ ನಾನು ಯಾವತ್ತೂ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಟ್ಟಿದ್ದಿಲ್ಲ.

ದೊಡ್ಡ ಸೊಸೆ ಒಂದರ ಮೇಲೆ ಬೆರಳಿಟ್ಟು, 'ಇದು' ಅಂದಳು. ಚಿಕ್ಕವಳು ಅದರ ಪಕ್ಕದ್ದರ ಮೇಲೆ ಬೆರಳಿಟ್ಟು, 'ಇದು' ಅಂದಳು.

'ಅದರಲ್ಲಿ ನೀಲಿ ಇದೆ ಕಣೇ, ಆಸ್ಪತ್ರೆ ಥರ ಕಾಣುತ್ತೆ.'

'ಇದರಲ್ಲಿ ಹಳದಿ ಇದೆಯಲ್ಲಕ್ಕಾ, ಹಳೇ ಪೇಪರ್ ಥರ.'

ನಾನು ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಕಾರ್ಡನ್ನ ಅಂಗಡಿ ಬಾಗಿಲಿಗೆ ತಂದು ಬಿಸಿಲಲ್ಲಿ ಹಿಡಿದೆ. ನೀಲಿಯೂ ಇಲ್ಲ, ಹಳದಿಯೂ ಇಲ್ಲ. ನನಗೆ ಕಾಣದ್ದು ಅವರಿಬ್ಬರಿಗೂ ಕಾಣ್ತಾ ಇದೆ! ಬ್ಲೌಸಿಗೆ ದಾರ ಹೊಂದಿಸಿ ಹೊಂದಿಸಿ ದೊಡ್ಡವಳ ಕಣ್ಣು ಹಾಗಾಗಿದೆ ಅನ್ನೋಣ. ಚಿಕ್ಕವಳಿಗೆ ಹುಟ್ಟಿನಿಂದಲೇ ಬಂದಿರಬೇಕು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯ, ಆಶ್ಚರ್ಯಕ್ಕಿಂತ ಹೆಚ್ಚಾಗಿ ಭಕ್ತಿ ಬಂತು ಅಂತಲೇ ಹೇಳಬೇಕು.

ಅವರವರ ಆಸೆಗೆ ಅವರವರ ಕಾರಣವೂ ಇತ್ತು. ದೊಡ್ಡವಳು ಅರಕಲಗೂಡು ಕಡೆಯ ಬಯಲಲ್ಲಿ ಬೆಳೆದವಳು, ಅಪ್ಪಟ ಬಿಳಿ ಗೋಡೆ ಬಿಸಿಲಿಗೆ ಕಣ್ಣು ಚುಚ್ಚುತ್ತೆ, ಸ್ವಲ್ಪ ಮೆತ್ತಗಿರಬೇಕು ಅಂತ ಅವಳದು. ಚಿಕ್ಕವಳು ಕೊಡಗಿನದೇ ಬಾಳೆಲೆ ಅನ್ನೋ ಊರಿನವಳು. ಅವರ ಮನೆ ಸುತ್ತ ಕಾಫಿ ತೋಟದ ಮರದ ನೆರಳು, ಮಧ್ಯಾಹ್ನವೂ ಲೈಟ್ ಹಾಕಿಕೊಂಡೇ ಓದಿದವಳು. 'ಗೋಡೆನಾದ್ರೂ ಬೆಳ್ಳಗಿರಲಿ ಅತ್ತೆ' ಅಂತಾಳೆ. ಯಾರನ್ನ ತಪ್ಪು ಅನ್ನಲಿ?

ಬಣ್ಣದ ಹೆಸರುಗಳೋ ಇಂಗ್ಲಿಷಿನಲ್ಲಿ, ನನ್ನ ನಾಲಿಗೆ ತಿರುಗಲಿಲ್ಲ. ನನ್ನ ಅನುಕೂಲಕ್ಕೆ ದೊಡ್ಡವಳದ್ದಕ್ಕೆ ಕೆನೆ ಅಂತ ಹೆಸರಿಟ್ಟೆ. ಚಿಕ್ಕವಳದ್ದಕ್ಕೆ ಅಕ್ಕಿ ತೊಳೆದ ನೀರು ನೆನಪಾಯ್ತು, ಅಕ್ಕಚ್ಚು ಅಂದೆ. ಚಿಕ್ಕವಳ ಮುಖ ಸಣ್ಣಗಾಯ್ತು.

'ಅಕ್ಕಂದು ಕೆನೆ, ನಂದು ಅಕ್ಕಚ್ಚಾ ಅತ್ತೆ?'

ಹೆಸರಿಡೋದರಲ್ಲೇ ಪಕ್ಷಪಾತ ಆಗಿಹೋಯ್ತು. ನಾನು ಗಾಬರಿಯಾಗಿ ಅಂಗಡಿಯವನಿಗೆ ಅಂದೆ, 'ಇದ್ಯಾವುದೂ ಬೇಡಪ್ಪ. ಸುಮ್ಮನೆ ಬಿಳಿ ಕೊಡು, ಬರೀ ಬಿಳಿ.'

ಅವನು ಕಾರ್ಡ್ ಮಡಚಿ ನನ್ನ ಮುಖ ನೋಡಿದ. 'ಅಮ್ಮಾ, ಬರೀ ಬಿಳಿ ಮಾತ್ರ ನಮ್ಮಲ್ಲಿ ಇಲ್ಲ. ಅದನ್ನ ಯಾರೂ ಕೇಳಲ್ಲ. ಬೇಕಂದ್ರೆ ಮೈಸೂರಿಂದ ತರಿಸಬೇಕು.'

ಒರೆಸಿದ ಗೋಡೆ

ಕೊನೆಗೆ ಎರಡರದ್ದೂ ಒಂದೊಂದು ಪುಟ್ಟ ಡಬ್ಬ ಮಾಡಿಸಿಕೊಂಡು ಬಂದೆವು, ಗೋಡೆಗೆ ಹಚ್ಚಿ ನೋಡೋದಕ್ಕೆ. ಅದನ್ನ ಮಾಡೋ ಮೆಷಿನ್ ನೋಡಬೇಕು ನೀವು. ಡಬ್ಬಕ್ಕೆ ಒಂದೇ ಒಂದು ತೊಟ್ಟು ಏನೋ ಬಿಡ್ತು, ಗಡಗಡ ಅಂತ ಅಲ್ಲಾಡಿಸಿತು, ಮುಚ್ಚಳ ತೆಗೆದರೆ ಬಿಳಿ. ಎರಡನೇ ಡಬ್ಬಕ್ಕೆ ಬೇರೆ ತೊಟ್ಟು, ಮತ್ತೆ ಗಡಗಡ, ತೆಗೆದರೆ ಬಿಳಿ. ಇಷ್ಟಕ್ಕೆ ಒಂದು ಯಂತ್ರ ಕಂಡುಹಿಡಿದವನ ತಲೆ ಎಂಥದ್ದಿರಬೇಕು!

ನಡುಮನೆ ಗೋಡೆ ಮೇಲೆ ಪಕ್ಕ ಪಕ್ಕ ಎರಡು ಚೌಕ ಬಳಿದದ್ದಾಯ್ತು. ಎಡಗಡೆ ಕೆನೆ, ಬಲಗಡೆ ಅಕ್ಕಚ್ಚು. ಅವತ್ತಿಂದ ಇಬ್ಬರಿಗೂ ಅದೇ ಧ್ಯಾನ. ಬೆಳಗ್ಗೆ ಮಂಜಿರುವಾಗ ಒಂದು ಸಲ, ಮಂಜು ಕರಗಿದ ಮೇಲೆ ಒಂದು ಸಲ, ಮೋಡ ಮುಚ್ಚಿದಾಗ ಒಂದು ಸಲ. ನಮ್ಮ ಕಡೆ ಬೆಳಕು ಗಳಿಗೆಗೊಂದು ಥರ. ಬೆಳಕು ಬದಲಾದಾಗಲೆಲ್ಲ ಸೊಸೆಯರು ಕೆಲಸ ಬಿಟ್ಟು ಗೋಡೆ ಮುಂದೆ. ಜಗಳ ಅಂತ ಬಾಯಿ ಜೋರು ಮಾಡಿದವರಲ್ಲ. ಮರ್ಯಾದೆ ಜಾಸ್ತಿ ಆಯ್ತು, ಅದೇ ಭಯ. 'ನಿಮಗೆ ಹೇಗನ್ನಿಸುತ್ತೋ ಹಾಗೆ ಮಾಡಿ ಅಕ್ಕ.' 'ನಿನಗೆ ಬೇಡದ್ದು ನನಗ್ಯಾಕಮ್ಮ?' ಹೀಗೆ ಮಾತಾಡೋಕೆ ಶುರು ಮಾಡಿದ ಮನೆ ಬೇಗ ಒಡೆಯುತ್ತೆ. ಕಿತ್ತಾಡೋ ಮನೆಗೆ ಏನೂ ಆಗಲ್ಲ.

ಅಷ್ಟರಲ್ಲಿ ನನ್ನ ತಮ್ಮ ಊರಿಂದ ಬಂದ. ಬಂದವರನ್ನೆಲ್ಲ ಗೋಡೆ ಮುಂದೆ ನಿಲ್ಲಿಸಿ ಅಭಿಪ್ರಾಯ ಕೇಳೋದು ಆಗ ನಮ್ಮ ಮನೆ ಪದ್ಧತಿ ಆಗಿತ್ತು. ಕೈಕಾಲು ತೊಳೆಯೋದಕ್ಕೂ ಬಿಡದೆ ಇಬ್ಬರೂ ಅವನನ್ನ ಕರಕೊಂಡು ಹೋಗಿ, 'ಹೇಳಿ ಮಾವ, ಯಾವುದು ಚೆನ್ನಾಗಿದೆ?' ಅಂದರು.

ಅವನು ಕೈ ಹಿಂದೆ ಕಟ್ಟಿ ತುಂಬ ಹೊತ್ತು ನೋಡಿದ. ಹತ್ತಿರ ಹೋದ, ಹಿಂದೆ ಬಂದ. ನಾನು ಉಸಿರು ಬಿಗಿಹಿಡಿದು ನಿಂತೆ. ಒಂದು ಮಾತು ಹೇಳಲಿ, ಇದು ಇಲ್ಲಿಗೆ ಮುಗೀಲಿ ಅಂತ.

'ಚೆನ್ನಾಗಿ ಬಂದಿದೆ,' ಅಂದ. 'ಆದರೆ ಎರಡೇ ಕಡೆ ಯಾಕೆ ಒರೆಸಿದ್ದೀರಿ? ಗೋಡೆ ಪೂರ್ತಿ ಹೀಗೇ ಒರೆಸಿಬಿಟ್ಟರೆ ಪೇಂಟೇ ಬೇಡವಲ್ಲ!'

ಗಂಡಂದಿರ ನಿಷ್ಠೆ

ಸೊಸೆಯರು ಮರ್ಯಾದೆಯಲ್ಲಿ ಇದ್ದರೆ ಮಕ್ಕಳು ಅವರವರ ಹೆಂಡತಿ ಪರ ವಕಾಲತ್ತು ಶುರು ಮಾಡಿದರು. ದೊಡ್ಡವನು, 'ಕೆನೆ ಬಿಟ್ಟು ಬೇರೆ ಮಾತೇ ಬೇಡ, ಈ ಮನೆಗೆ ಅದೇ ಸರಿ' ಅಂದ. ಚಿಕ್ಕವನು, 'ಒಂದು ಗೋಡೆಗೂ ನಮ್ಮ ಮಾತು ನಡೆಯಲ್ಲ ಅಂದ್ರೆ ನಾವ್ಯಾಕಿಲ್ಲಿರಬೇಕು' ಅಂತ ಅಂದೇಬಿಟ್ಟ. ಸುಂಟಿಕೊಪ್ಪದ ಮನೆ ನನ್ನ ಕಣ್ಣ ಮುಂದೆಯೇ ಬಂದು ನಿಂತಿತು.

ಮಾರನೇ ದಿನ ಕೊಟ್ಟಿಗೆಯಲ್ಲಿ ಹಾಲು ಕರೀತಿದ್ದೆ. ದೊಡ್ಡ ಮಗ ಹಿಂದೆ ಮುಂದೆ ನೋಡಿ ಮೆಲ್ಲಗೆ ಬಂದ.

'ಅಮ್ಮ, ಒಂದು ಕೇಳ್ತೀನಿ, ಅವಳಿಗೆ ಹೇಳಬೇಡ. ನಮ್ಮೋಳದ್ದು ಎಡಗಡೆದಾ ಬಲಗಡೆದಾ?'

'ಎಡಗಡೆದು ಕಣೋ. ಇಷ್ಟು ದಿನ ಅದಕ್ಕೆ ತಾನೇ ನೀನು ಗಂಟಲು ಹರ್ಕೊಂಡಿದ್ದು?'

ಅವನು ಎದೆ ಮೇಲೆ ಕೈಯಿಟ್ಟು ಉಸಿರುಬಿಟ್ಟ. 'ಸದ್ಯ, ಅವಳ ಮುಂದೆ ಬಾಯಿಬಿಡೋ ಮುಂಚೆ ಕೇಳಿದೆ. ನಾನು ಬಲಗಡೆದು ಅಂದುಕೊಂಡು ತಮ್ಮನ ಹತ್ತಿರ ಜಗಳ ಆಡಿಬಿಟ್ಟಿದ್ದೀನಿ.'

'ಅವನೇನಂದ?'

'ಅವನು ಎಡಗಡೆದಕ್ಕೇ ಹಟ ಹಿಡಿದಿದ್ದಾನಮ್ಮ.'

ನೆಂಟರ ಗ್ರೂಪು

ಇನ್ನು ಮನೆಯವರಿಂದ ಆಗೋ ಕೆಲಸ ಅಲ್ಲ, ನೆಂಟರನ್ನ ಕೇಳೋಣ ಅಂತ ಚಿಕ್ಕ ಸೊಸೆ ಹೇಳಿದಳು. ದೊಡ್ಡವಳೂ ಒಪ್ಪಿದಳು. ನಮ್ಮ ನೆಂಟರದ್ದೆಲ್ಲ ಒಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ದಿನಾ ದೇವರ ಫೋಟೋ, ಹುಟ್ಟುಹಬ್ಬದ ಕೇಕು, ಇಷ್ಟೇ. ಇಬ್ಬರೂ ಸೇರಿ ಒಳ್ಳೆ ಬೆಳಕಲ್ಲಿ ಎರಡು ಚೌಕದ ಫೋಟೋ ಬೇರೆ ಬೇರೆ ತೆಗೆದು, 'ಒಂದಾ ಎರಡಾ, ದಯವಿಟ್ಟು ಎಲ್ಲರೂ ಹೇಳಿ' ಅಂತ ಬರೆದು ಹಾಕಿದರು.

ನಾವು ಮೂವರೂ ಫೋನ್ ಮುಂದೆ ಕೂತೆವು. ಮೊದಲು ಮಾತಾಡಿದ್ದು ಹಾಸನದ ದೊಡ್ಡಪ್ಪನ ಮಗ. 'ಫೋಟೋ ಓಪನ್ ಆಗ್ತಿಲ್ಲ, ಖಾಲಿ ಬರ್ತಿದೆ. ಇನ್ನೊಂದ್ಸಲ ಕಳಿಸಿ.'

ಇನ್ನೊಂದು ಸಲ ಕಳಿಸಿದರು. 'ನನಗೂ ಖಾಲಿ' ಅಂತ ನನ್ನ ನಾದಿನಿ. 'ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ, ಕೊಡಗಲ್ಲಿ ಯಾವಾಗಲೂ ಇದೇ ಕಥೆ' ಅಂತ ಇನ್ನೊಬ್ಬರು. ಸಂಜೆ ತನಕ ಅವರೆಲ್ಲ ಸೇರಿ ಯಾವ ಕಂಪನಿ ಸಿಮ್ ಒಳ್ಳೇದು ಅಂತ ಚರ್ಚೆ ಮಾಡಿದರು.

ಕೊನೆಗೆ ಕಣ್ಣು ಮಂಜಾದ ನಮ್ಮ ಸೋದರತ್ತೆಯೊಬ್ಬರು ದನಿ ರೆಕಾರ್ಡ್ ಮಾಡಿ ಕಳಿಸಿದರು. 'ನನಗೆ ಚೆನ್ನಾಗಿ ಕಾಣ್ತಾ ಇದೆ ಕಣ್ರಮ್ಮ. ಎರಡೂ ಮಕ್ಕಳು ಮುದ್ದಾಗಿವೆ. ದೃಷ್ಟಿ ತೆಗೀರಿ.'

ದೇವರು ಕೊಟ್ಟ ತೀರ್ಪು

ಮನುಷ್ಯರು ಕೈಬಿಟ್ಟ ಮೇಲೆ ಇನ್ಯಾರು? ನಮ್ಮೂರ ಈಶ್ವರನ ಗುಡಿಯಲ್ಲಿ ಪ್ರಸಾದ ಕೇಳೋ ಪದ್ಧತಿ ಇದೆ. ಬೋರ್‌ವೆಲ್ ತೆಗೆಸೋದಾ ಬೇಡವಾ, ಈ ಸಂಬಂಧ ಆಗುತ್ತಾ ಇಲ್ಲವಾ ಅಂತ ಎರಡು ಪೊಟ್ಟಣ ಕಟ್ಟಿ, ಒಂದರಲ್ಲಿ ಬಿಳಿ ಹೂವು, ಒಂದರಲ್ಲಿ ಕೆಂಪು ಹೂವು ಇಟ್ಟು ದೇವರ ಪಾದದ ಹತ್ತಿರ ಇಡ್ತಾರೆ. ಮಂಗಳಾರತಿ ಆದ ಮೇಲೆ ಅರ್ಚಕರು ಕಣ್ಣು ಮುಚ್ಚಿ ಒಂದು ಎತ್ತುತ್ತಾರೆ. ಬಂದದ್ದಕ್ಕೆ ಎರಡು ಮಾತಿಲ್ಲ.

'ದೇವರು ಹೇಳಿದ ಹಾಗೆ ಕೇಳ್ತೀರಾ?' ಅಂದೆ. ಇಬ್ಬರೂ 'ಹೂಂ' ಅಂದರು. ಚಿಕ್ಕ ಮಗ ಅಂಗಡಿಯಿಂದ ಕೇಳಿ ತಂದ ಕಾರ್ಡಿಂದ ಎರಡೂ ಬಣ್ಣದ ತುಂಡು ಕತ್ತರಿಸಿದ. ಹೆಸರು ಇದ್ದರೆ ಅರ್ಚಕರ ಮನಸ್ಸು ಆ ಕಡೆ ಈ ಕಡೆ ಆದೀತು, ಪೂರ್ತಿ ದೇವರಿಗೇ ಬಿಡೋಣ ಅಂತ ಹೆಸರಿದ್ದ ಭಾಗ ಕತ್ತರಿಸಿ ಬಿಸಾಕಿದ. ಬಾಳೆ ಎಲೆಯಲ್ಲಿ ಎರಡು ಪೊಟ್ಟಣ ಕಟ್ಟಿದೆವು. ನಮ್ಮ ಬುದ್ಧಿವಂತಿಕೆ ಅಲ್ಲಿಗೆ ಪೂರ್ತಿ ಆಯ್ತು.

ಅರ್ಚಕರು ಸಂಗತಿ ಕೇಳಿ ಪೊಟ್ಟಣಗಳನ್ನ ಕೈಗೆ ತಗೊಂಡರು. 'ಗೋಡೆ ಬಣ್ಣಕ್ಕೆ ಕೇಳಬಹುದಾ ಅಂತ ನನಗೂ ಗೊತ್ತಿಲ್ಲಮ್ಮ. ಕೇಳಬಾರದು ಅಂತಲೂ ಎಲ್ಲೂ ಇಲ್ಲ,' ಅಂದರು. ಸೊಸೆಯರು ಹೊರಗೆ ಪ್ರಾಕಾರದಲ್ಲಿ ನಿಂತರು. ಒಳಗಿದ್ದರೆ ಒಬ್ಬಳ ಕಣ್ಣು ಇನ್ನೊಬ್ಬಳ ಮೇಲೆ ಬೀಳುತ್ತಲ್ಲ, ಅದಕ್ಕೆ. ಒಳಗೆ ನಾನು, ಅರ್ಚಕರು ಇಬ್ಬರೇ.

ಮಂಗಳಾರತಿ ಆಯ್ತು. ಗಂಟೆ ಬಾರಿಸಿದೆ. 'ಸ್ವಾಮಿ, ಯಾವ ಬಣ್ಣ ಬೇಕಾದರೂ ಕೊಡು, ಮನೆ ಒಂದಾಗಿ ಇರಲಿ' ಅಂತ ಬೇಡಿಕೊಂಡೆ. ಕಣ್ಣಲ್ಲಿ ನೀರು ಬಂತು. ಅರ್ಚಕರು ಕಣ್ಣು ಮುಚ್ಚಿ ಒಂದು ಪೊಟ್ಟಣ ಎತ್ತಿ, ಬಿಚ್ಚಿ, ಅಂಗೈ ಮೇಲೆ ಇಟ್ಟುಕೊಂಡರು.

'ಬಿಳಿ ಬಂದಿದೆ,' ಅಂದರು.

'ಯಾವ ಬಿಳಿ ಸ್ವಾಮಿ?'

ಅವರು ದೀಪದ ಹತ್ತಿರ ಹಿಡಿದರು. ನಾನೂ ನೋಡಿದೆ. ಬಿಳಿ. ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತೇನೋ ಅಂತ ಅವರು ಎರಡನೇ ಪೊಟ್ಟಣವನ್ನೂ ಬಿಚ್ಚಿ, ಎರಡನ್ನೂ ತಟ್ಟೆಯಲ್ಲಿ ಇಟ್ಟರು. ದೀಪದ ಬೆಳಕು ಸಾಲಲಿಲ್ಲ. ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದರು, ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕೊನೆಗೆ, 'ನಿಮ್ಮ ಸೊಸೆಯರನ್ನೇ ಕರೀರಿ, ಅವರಿಗೆ ಗೊತ್ತಾಗುತ್ತಲ್ಲ' ಅಂದರು.

ಸೊಸೆಯರು ಬಂದು ತಟ್ಟೆ ನೋಡಿದರು. ರೆಪ್ಪೆ ಬಡಿಯೋದರೊಳಗೆ ದೊಡ್ಡವಳು, 'ಇದು ನನ್ನದು, ಅದು ಅವಳದು' ಅಂದಳು. 'ಹೌದು, ಸರಿ' ಅಂದಳು ಚಿಕ್ಕವಳು. ಒಂದು ಚೂರೂ ಭಿನ್ನಾಭಿಪ್ರಾಯ ಇಲ್ಲ! ಅರ್ಚಕರು ಆ ಕಣ್ಣುಗಳಿಗೆ ಕೈ ಮುಗಿಯೋದೊಂದು ಬಾಕಿ.

ಆಮೇಲೆ ಚಿಕ್ಕವಳು ಕೇಳಿದಳು. 'ಸರಿ, ಇದರಲ್ಲಿ ದೇವರು ಕೊಟ್ಟಿದ್ದು ಯಾವುದು?'

ಅರ್ಚಕರು ನನ್ನ ಮುಖ ನೋಡಿದರು. ನಾನು ಅರ್ಚಕರ ಮುಖ ನೋಡಿದೆ. ಇಬ್ಬರೂ ತಟ್ಟೆ ನೋಡಿದೆವು. ತಿರುಗಿಸಿ ತಿರುಗಿಸಿ ಮೊದಲು ಎತ್ತಿದ್ದು ಯಾವುದಾಗಿತ್ತು, ಆಮೇಲೆ ಬಿಚ್ಚಿದ್ದು ಯಾವುದಾಗಿತ್ತು, ಆ ಈಶ್ವರನಿಗೇ ಗೊತ್ತು.

'ಇನ್ನೊಂದ್ಸಲ ಕೇಳಿಬಿಡೋಣ ಸ್ವಾಮಿ,' ಅಂದೆ.

'ಹಾಗೆ ಕೇಳಬಾರದಮ್ಮ. ಅವನು ಒಂದೇ ಸಲ ಹೇಳೋದು,' ಅಂದು ಅರ್ಚಕರು ತಟ್ಟೆ ಕೆಳಗಿಟ್ಟರು. 'ಕೊಡೋದು ಅವನು ಕೊಟ್ಟಾಯ್ತು. ಇಸ್ಕೊಳ್ಳೋಕೆ ನಮಗೆ ಬರಲಿಲ್ಲ.'

ಪೆರಿಯಕ್ಕ, ಚಿನ್ನಕ್ಕ

ಗುಡಿಯಿಂದ ಬಂದ ಮೇಲೆ ಮನೇಲಿ ಮಾತು ಇನ್ನೂ ಕಡಿಮೆ ಆಯ್ತು. ಚಿಕ್ಕ ಮಗ, 'ಭಾನುವಾರ ಆ ಸುಂಟಿಕೊಪ್ಪದ ಮನೆ ಒಂದು ಸಲ ನೋಡಿಕೊಂಡು ಬರ್ತೀವಮ್ಮ. ಸುಮ್ಮನೆ ನೋಡೋದಷ್ಟೇ' ಅಂದ. ಸುಮ್ಮನೆ ನೋಡೋಕೆ ಅದೇನು ಅಬ್ಬಿ ಫಾಲ್ಸಾ? ನನಗೆ ಅರ್ಥ ಆಯ್ತು. ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತು, ಮುಖ ತೊಳಕೊಂಡು ಒಳಗೆ ಬಂದೆ.

ದೊಡ್ಡ ಮಗನಿಗೂ ಹೆದರಿಕೆ ಆಗಿರಬೇಕು. ಅವನೊಂದು ಉಪಾಯ ಹೇಳಿದ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಡುಮನೆಯ ಎಡಗಡೆ ದೊಡ್ಡವರ ಕೋಣೆ, ಬಲಗಡೆ ಚಿಕ್ಕವರ ಕೋಣೆ. ನಡುಮನೆಗೆ ಮಧ್ಯಕ್ಕೆ ಟೇಪ್ ಅಂಟಿಸಿ, ಎಡ ಅರ್ಧಕ್ಕೆ ಕೆನೆ, ಬಲ ಅರ್ಧಕ್ಕೆ ಅಕ್ಕಚ್ಚು. ಸೊಸೆಯರು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ನನಗೆ ಮಾತ್ರ ಆ ಟೇಪ್ ನೋಡೋಕೇ ಆಗಲಿಲ್ಲ. ಗದ್ದೆ ಭಾಗ ಮಾಡೋವಾಗ ಹಗ್ಗ ಹಿಡೀತಾರಲ್ಲ, ಹಾಗೇ ಇತ್ತು.

ಪೇಂಟರು ಸುಂಟಿಕೊಪ್ಪದ ಕಡೆಯ ಎಸ್ಟೇಟಿನ ಕೂಲಿ ಲೈನ್ ಮನೇಲಿ ಹುಟ್ಟಿ ಬೆಳೆದವನು. ಮನೆಮಾತು ತಮಿಳು, ದೊಡ್ಡ ಸೊಸೆಯನ್ನ ಪೆರಿಯಕ್ಕ, ಚಿಕ್ಕವಳನ್ನ ಚಿನ್ನಕ್ಕ ಅಂತ ಕರೀತಾನೆ. 'ಹಸಿ ಗೋಡೆ ಬಣ್ಣ ಬೇರೆ ತೋರಿಸ್ತದೆ ಅಮ್ಮಾ, ಒಣಗೋ ತನಕ ಯಾರೂ ನೋಡೋದು ಬೇಡ' ಅಂತ, ಶುಂಠಿ ಒಣಗಿಸೋ ಟಾರ್ಪಾಲನ್ನ ಬಾಗಿಲಿಗೆ ಅಡ್ಡ ಕಟ್ಟಿದ. ನಾವೆಲ್ಲ ಹಿಂಬಾಗಿಲಿಂದ ಓಡಾಟ.

ಮೊದಲನೇ ದಿನ ಅಡುಗೆಮನೆ ಕಿಟಕಿಯಿಂದ ನೋಡ್ತೀನಿ, ದೊಡ್ಡ ಸೊಸೆ ಪೇಂಟರನ್ನ ಹಿತ್ತಲಿಗೆ ಕರೆದು ಕಾಫಿ ಕೊಟ್ಟು ಏನೋ ಪಿಸಪಿಸ ಅಂತಿದ್ದಾಳೆ. ಅವನು ತಲೆ ಆಡಿಸ್ತಿದ್ದಾನೆ. ಸಂಜೆ ಸ್ಕೂಲಿಂದ ಬಂದ ಚಿಕ್ಕವಳೂ ಬ್ಯಾಗ್ ಕೆಳಗಿಡದೆ ಹಿತ್ತಲಿಗೆ ಹೋಗಿ, ಅವನಿಗೆ ಮಜ್ಜಿಗೆ ಕೊಟ್ಟು, ಅದೇ ಥರ ಪಿಸಪಿಸ. ಅವನು ಈ ಸಲ ತಲೆ ಆಡಿಸೋದು ಮರೆತು ಬಾಯಿ ತೆಗೆದುಕೊಂಡು ನಿಂತ. ಒಬ್ಬಳು ಇನ್ನೊಬ್ಬಳ ಮೇಲೆ ಚಾಡಿ ಹೇಳ್ತಿದ್ದಾಳೆ, ಪೇಂಟರ ಹತ್ತಿರವೂ ನಮ್ಮ ಮನೆ ಮಾನ ಹೋಯ್ತು ಅಂದುಕೊಂಡೆ.

ತಡೀಲಾರದೆ ಅವನನ್ನೇ ಕೇಳಿದೆ. 'ಏನಪ್ಪಾ ಅಂದ್ರು ಅವರಿಬ್ಬರೂ?'

ಅವನು ಬ್ರಶ್ ತೊಳೀತಾ ನನ್ನ ಮುಖ ನೋಡಲಿಲ್ಲ. 'ಕೇಳಬೇಡಿ ಅಮ್ಮಾ. ನಾನು ಎಷ್ಟೋ ಬಂಗಲೆಗೆ ಪೇಂಟ್ ಹೊಡೆದಿದ್ದೀನಿ. ಕಾಫಿ ಒಂದು ಕಡೆ, ಮೋರು ಒಂದು ಕಡೆ ಕುಡಿದು ಹೊಟ್ಟೆ ಕೆಟ್ಟಿದ್ದು ನಿಮ್ಮ ಮನೇಲೇ.'

ಟಾರ್ಪಾಲು ತೆಗೆದಾಗ

ಭಾನುವಾರ ಬಂತು. ಚಿಕ್ಕ ಮಗ ಬೀಗದ ಕೈ ಇಸ್ಕೊಂಡಿರ್ತೀನಿ ಅಂತ ಬೆಳಗ್ಗೆಯೇ ಸುಂಟಿಕೊಪ್ಪಕ್ಕೆ ಹೋಗಿದ್ದ. ಚಿಕ್ಕ ಸೊಸೆ ಆಮೇಲಿನ ಬಸ್ಸಿಗೆ ಹೋಗಬೇಕು, ಸೀರೆ ಉಟ್ಟು ರೆಡಿಯಾಗಿದ್ದಳು. ಹೋಗೋ ಮುಂಚೆ ನಡುಮನೆ ನೋಡಿಕೊಂಡೇ ಹೋಗಲಿ ಅಂತ ಪೇಂಟರು ಟಾರ್ಪಾಲು ಬಿಚ್ಚಿದ. ಟೇಪ್ ಎಳೆದು ತೆಗೆದ. ನಾವು ಮೂವರೂ ಒಳಗೆ ಹೋದೆವು.

ನನಗೆ ಕಂಡದ್ದು ಬಿಳಿ ನಡುಮನೆ. ಬೂಷ್ಟು ಹೋಗಿ ಚೊಕ್ಕವಾಗಿತ್ತು, ಅಷ್ಟು ಗೊತ್ತಾಯ್ತು. ಟೇಪ್ ಇದ್ದ ಜಾಗ ಹುಡುಕಿದೆ, ಸಿಗಲಿಲ್ಲ.

ಆದರೆ ಸೊಸೆಯರು ಕಂಬದ ಹಾಗೆ ನಿಂತುಬಿಟ್ಟರು. ದೊಡ್ಡವಳು ಎಡಗಡೆ ನೋಡಿದಳು, ಬಲಗಡೆ ನೋಡಿದಳು. ಚಿಕ್ಕವಳು ಬಲಗಡೆ ನೋಡಿದಳು, ಎಡಗಡೆ ನೋಡಿದಳು. ಏನೋ ಅನಾಹುತ ಆಗಿದೆ, ಅದು ನನ್ನ ಕಣ್ಣಿಗೆ ಮಾತ್ರ ಕಾಣ್ತಿಲ್ಲ. ಇವತ್ತಿಗೆ ಈ ಮನೆ ಮುಗೀತು ಅಂದುಕೊಂಡೆ.

'ಏನಾಯ್ತ್ರೇ? ಚೆನ್ನಾಗೇ ಇದೆಯಲ್ಲ?' ಅಂದೆ.

ದೊಡ್ಡವಳು ಪೇಂಟರ ಕಡೆ ತಿರುಗಿದಳು. 'ಏನಣ್ಣ ಇದು? ನನ್ನ ಬಣ್ಣ ಆ ಕಡೆ ಯಾಕೆ ಬಂತು?'

ಚಿಕ್ಕವಳೂ ಅದೇ ಉಸಿರಲ್ಲಿ, 'ನನ್ನ ಬಣ್ಣ ಈ ಕಡೆ ಯಾಕಿದೆ?'

ಪೇಂಟರು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. 'ನಾನು ಏನು ಮಾಡ್ಲಿ ಅಮ್ಮಾ? ಪೆರಿಯಕ್ಕ ಕರೆದು ಹೇಳಿದ್ರು, "ನನ್ನ ಅರ್ಧಕ್ಕೂ ಚಿನ್ನಕ್ಕನ ಬಣ್ಣವೇ ಹೊಡಿ, ಪೂರ್ತಿ ರೂಮ್ ಅವಳದ್ದೇ ಇರಲಿ, ಯಾರಿಗೂ ಹೇಳಬೇಡ" ಅಂತ. ಸಂಜೆ ಚಿನ್ನಕ್ಕ ಕರೆದು ಹೇಳಿದ್ರು, "ನನ್ನ ಅರ್ಧಕ್ಕೂ ಅಕ್ಕನ ಬಣ್ಣವೇ ಹೊಡಿ, ಪೂರ್ತಿ ರೂಮ್ ಅವರದ್ದೇ ಇರಲಿ, ಯಾರಿಗೂ ಹೇಳಬೇಡ" ಅಂತ. ಇಬ್ಬರೂ ಕೈ ಮೇಲೆ ಕೈ ಹಾಕಿಸಿ ಮಾತು ತಗೊಂಡ್ರು. ನಾನು ಯಾರಿಗೂ ಹೇಳಲಿಲ್ಲ. ಹೊಡೆದುಬಿಟ್ಟೆ.'

ಆಮೇಲೆ ದೊಡ್ಡವಳು ಚಿಕ್ಕವಳನ್ನ ಬೈಯೋಕೆ ಶುರು ಮಾಡಿದಳು. ಮರ್ಯಾದೆ ಎಲ್ಲಾ ಬಿಟ್ಟು, ಮನಸ್ಸು ಬಿಚ್ಚಿ. 'ನಿನಗ್ಯಾರೇ ಹೇಳಿದ್ದು ಬಿಟ್ಟುಕೊಡು ಅಂತ? ಬಾಳೆಲೆಯ ಆ ಕತ್ತಲೆ ಮನೇಲಿ ಬೆಳೆದೋಳು, ಇಲ್ಲಾದ್ರೂ ಬೆಳ್ಳಗಿರಲಿ ಅಂತ ನಾನು ಮಾಡಿದ್ರೆ!'

'ನೀವ್ಯಾಕೆ ಬಿಟ್ಟುಕೊಟ್ರಿ ಮತ್ತೆ?' ಅಂತ ಚಿಕ್ಕವಳೂ ದನಿ ಏರಿಸಿದಳು. 'ದಿನಾ ಬೆಳಗ್ಗೆ ನನ್ನ ಬಸ್ಸಿಗೆ ಮುಂಚೆ ಎದ್ದು ಡಬ್ಬಿ ಕಟ್ಟಿ ಕೊಡೋರು ನೀವು. ಬಿಸಿಲಿಗೆ ನಿಮ್ಮ ಕಣ್ಣು ನೋಯೋದು ಬೇಡ ಅಂತ ನಾನು ಮಾಡಿದ್ರೆ!'

ಬೈದರು, ಬೈದರು, ಬೈತಾ ಬೈತಾ ಇಬ್ಬರ ಕಣ್ಣಲ್ಲೂ ನೀರು, ಆಮೇಲೆ ಅದೇ ನೀರಲ್ಲಿ ನಗು. ನನ್ನ ಸೊಸೆಯರು ಎಷ್ಟು ದಿನದ ಮೇಲೆ ಕಿತ್ತಾಡ್ತಾ ಇದ್ದಾರೆ! ನನಗಂತೂ ಅಲ್ಲೇ ನೆಲದ ಮೇಲೆ ಕೂತುಬಿಡೋ ಹಾಗಾಯ್ತು. ಕೂತೆ ಕೂಡ. ಇಂಥ ಕಣ್ಣು, ಇಂಥ ಮನಸ್ಸು ಎರಡನ್ನೂ ದೇವರು ಒಂದೇ ಮನೆಗೆ ಕೊಟ್ಟನಲ್ಲ ಅಂತ ಸೆರಗಲ್ಲಿ ಮುಖ ಮುಚ್ಚಿಕೊಂಡೆ.

ಪೇಂಟರಿಗೆ ಮಾತ್ರ ಕೂಲಿ ಚಿಂತೆ. ಹೆದರಿಕೊಂಡೇ ಕೇಳಿದ. 'ಹಾಗಾದ್ರೆ ಈ ಕಡೆದು ಆ ಕಡೆ, ಆ ಕಡೆದು ಈ ಕಡೆ ಮಾಡಿಬಿಡ್ಲಾ ಅಕ್ಕಾ?'

'ಮುಟ್ಟಿದ್ರೆ ನೋಡು!' ಅಂತ ಇಬ್ಬರೂ ಒಟ್ಟಿಗೆ ಕೂಗಿದರು.

ಅಷ್ಟರಲ್ಲಿ ಚಿಕ್ಕವಳ ಫೋನ್ ಹೊಡೀತು. ಚಿಕ್ಕ ಮಗ. ಗಾಡಿಗಳ ಸದ್ದಿನ ಮಧ್ಯೆ ಜೋರಾಗಿ ಮಾತಾಡ್ತಿದ್ದ, ನನಗೂ ಕೇಳಿಸ್ತಿತ್ತು. 'ಎಲ್ಲಿದ್ದೀಯೇ? ಮನೆ ಓನರ್ ಕಾಯ್ತಾ ಇದ್ದಾರೆ. ಬೀಗ ತೆಗೆಸಿದ್ದೀನಿ, ಮನೆ ಚೆನ್ನಾಗಿದೆ.'

ನಾನು ನೆಲದ ಮೇಲೆ ಕೂತಲ್ಲೇ ಸೆರಗು ಸರಿಸಿ ಕಿವಿಗೊಟ್ಟೆ. ಚಿಕ್ಕವಳು ದೊಡ್ಡವಳ ಮುಖ ನೋಡಿದಳು. ದೊಡ್ಡವಳು ಬೇರೆ ಕಡೆ ನೋಡಿದಳು.

'ಗೋಡೆಗೆ ಯಾವ ಬಣ್ಣ ಇದೆ ಅಲ್ಲಿ?' ಅಂತ ಕೇಳಿದಳು ಚಿಕ್ಕವಳು.

'ಗಿಳಿಹಸಿರು. ಯಾಕೆ?'

'ಗಿಳಿಹಸಿರು ನನ್ನ ಕಣ್ಣಿಗೆ ಆಗಿ ಬರಲ್ಲ. ಬೇಡ ಅಂತ ಹೇಳಿ ಬಂದುಬಿಡಿ.'

ಆ ಕಡೆ ಸ್ವಲ್ಪ ಹೊತ್ತು ಗುಸುಗುಸು. ಮತ್ತೆ ಮಗನ ದನಿ. 'ಓನರ್ ಒಳ್ಳೇ ಮನುಷ್ಯ ಕಣೇ. ನೀನು ಯಾವ ಬಣ್ಣ ಆರಿಸಿದರೆ ಅದನ್ನೇ ಹೊಡೆಸಿಕೊಡ್ತೀನಿ ಅಂತಿದ್ದಾರೆ. ಏನು ಹೇಳಲಿ?'

'ನನಗೆ ಬಣ್ಣ ಆರಿಸೋಕೆ ಬರಲ್ಲ ಅಂತ ಹೇಳಿ,' ಅಂದು ಚಿಕ್ಕವಳು ಫೋನ್ ಇಟ್ಟಳು.